ಅವ್ವನ ಪಾನದಾನ



ಕಳೆದ ತಿಂಗಳು ಮೊಮ್ಮಗಳ ಹಠಕ್ಕೆ ಮಣಿದು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ನೋಡಿಬಂದೆನು. ಕಲಬುರಗಿಯವರಾದ ನಮಗೆ ಹೈದರಾಬಾದು ಪರಸ್ಥಳವಲ್ಲ. 1948ರ ವರೆಗೆ ನಮ್ಮ ಹಿರಿಯರು ನಿಜಾಮರ ಪ್ರಜೆಗಳಾಗಿಯೇ ಬಾಳಿದವರು. ಆದರೂ ಅರುವತ್ತು ತುಂಬುವವರೆಗೆ ಆ ಭವನದ ಹೊಸ್ತಿಲನ್ನು ನಾನು ತುಳಿದಿರಲಿಲ್ಲವೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುವೆನು.

ನಿಜಾಮರ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗರು 1914ರಲ್ಲಿ ಅಧಿಕಾರವನ್ನು ಬಿಟ್ಟು, 1949ರಲ್ಲಿ ತೀರಿಕೊಳ್ಳುವವರೆಗೂ ಸುಂದರ ವಸ್ತುಗಳ ಸಂಗ್ರಹವನ್ನೇ ವ್ರತವಾಗಿ ಹಿಡಿದರು. 1951ರಲ್ಲಿ ಅವರ ದೇವಡಿಯಲ್ಲಿ ತೆರೆದ ಸಂಗ್ರಹಾಲಯವು 1968ರಲ್ಲಿ ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂದಿತು. ಗಂಟೆಗೊಮ್ಮೆ ಗಡ್ಡದ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುವ ಗಡಿಯಾರದ ಮುಂದೆ ಜನರು ಜಾತ್ರೆಯಂತೆ ಕೂಡುವರು, ನಾವೂ ಕೂಡಿದೆವು. ಇಟಲಿಯ ಶಿಲ್ಪಿ ಬೆಂಜೋನಿಯು ಕಡೆದ ರೆಬೆಕಾಳ ಅಮೃತಶಿಲಾಮೂರ್ತಿಯಲ್ಲಿ ಮುಸುಕೂ ಕಲ್ಲೇ, ಮುಸುಕಿನೊಳಗಿಂದ ತೋರುವ ಮುಖವೂ ಕಲ್ಲೇ.

ಆದರೆ ನನ್ನ ಕಾಲುಗಳು ನಿಂತುಬಿಟ್ಟುದು ಬಿದರಿ ಪಾತ್ರೆಗಳ ಮುಂದೆ. ಹುಕ್ಕಾದ ಬುಡಗಳು, ಹೂಜಿಗಳು, ತಟ್ಟೆಗಳು. ಅವುಗಳ ನಡುವೆ ಒಂದು ಪಾನದಾನ. ಕಮಲಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವನ ಮಗ್ಗುಲಿಗೆ ಸದಾ ಇರುತ್ತಿದ್ದುದು ಇಂಥದೇ. ಅವಳು ತೀರಿಕೊಂಡ ಮೇಲೆ ಅದರ ಕಪ್ಪನ್ನು ಕಿಲುಬೆಂದು ಬಗೆದು ನಾನು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿದೆನು. ಪಾತ್ರೆ ಬೂದಿಬಣ್ಣಕ್ಕೆ ತಿರುಗಿ ವಿರೂಪವಾಯಿತು. ಅನಂತರ ಹಳೆಯ ಹಿತ್ತಾಳೆಯೊಡನೆ ತೂಕಕ್ಕೆ ಮಾರಿಬಿಟ್ಟೆನು. ಮೂವತ್ತು ವರ್ಷ ಪಾಠ ಹೇಳಿದವನ ಜಾಣತನವಿದು!

ಆ ಕಪ್ಪೇ ಬಿದರಿಯ ಜೀವವೆಂಬುದನ್ನು ತಡವಾಗಿ ತಿಳಿದೆನು. ಬಹುಪಾಲು ಸತುವಿಗೆ ಅಲ್ಪ ತಾಮ್ರವನ್ನು ಬೆರೆಸಿ ಪಾತ್ರೆಯನ್ನು ಎರಕ ಹೊಯ್ಯುವರು. ಅದನ್ನು ಅರದಿಂದ ನಯಗೊಳಿಸಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಹಚ್ಚಿ, ಕೈಯಿಂದಲೇ ಬಳ್ಳಿ ಹೂಗಳನ್ನು ಬರೆಯುವರು. ಉಳಿಯಿಂದ ಆ ಗೆರೆಗಳನ್ನು ಕೊರೆದು ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸುವರು. ಕೊನೆಯಲ್ಲಿ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಕಾಸಿದ ಪಾತ್ರೆಗೆ ಉಜ್ಜಿದರೆ ಲೋಹವೆಲ್ಲ ಕಪ್ಪಾಗುವುದು, ಬೆಳ್ಳಿಯು ಮಾತ್ರ ಬೆಳಗಾಗಿಯೇ ಉಳಿಯುವುದು. ಮನೆಯಲ್ಲಿ ಬಿದರಿ ಉಳ್ಳ ಗೃಹಿಣಿಯರು ಹುಣಿಸೆಯನ್ನು ದೂರವಿಡಲಿ. ಮೆತ್ತನೆಯ ಬಟ್ಟೆ, ಒಂದೆರಡು ಹನಿ ಕೊಬ್ಬರಿ ಎಣ್ಣೆ ಸಾಕು.

"ಮುತ್ಯಾ, ಕಲ್ಲಿನ ಗೊಂಬಿ ಮಾಡಿದವ್ರ ಹೆಸರು ಬರ್ದಾರ. ಇದನ್ನ ಮಾಡಿದವ್ರ ಹೆಸರು ಎಲ್ಲದ?" ಎಂದು ಹುಡುಗಿ ಕೇಳಿದಳು.

ಚೀಟಿಯಲ್ಲಿ ಊರಿತ್ತು, ಶತಮಾನವಿತ್ತು, ಹೆಸರಿರಲಿಲ್ಲ. ನಮ್ಮ ಓಲೆಗರಿಗಳಲ್ಲಿ ಬರಿಯ ಪ್ರತಿಕಾರನೂ ಕೊನೆಗೆ ತನ್ನ ಹೆಸರನ್ನು ಬರೆದು, ತಪ್ಪಿದ್ದರೆ ಕ್ಷಮಿಸಿರೆಂದು ಬೇಡಿಕೊಳ್ಳುವುದುಂಟು. ಎರಕದವನು, ಕೊರೆಯುವವನು, ಬೆಳ್ಳಿ ಕೂಡಿಸುವವನು ಬೇರೆಬೇರೆಯಾಗಿ ದುಡಿದ ಪಾತ್ರೆಗೆ ಆ ಭಾಗ್ಯವಿಲ್ಲ. 2023ರಲ್ಲಿ ಬೀದರದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗಲಾದರೂ ಬಿದರಿಯವರೊಬ್ಬರ ಹೆಸರು ದೇಶಕ್ಕೆ ಕೇಳಿಸಿತೆಂದು ಅವಳಿಗೆ ಹೇಳಿದೆನು. ಅವಳಿಗೆ ಅದು ಸಮಾಧಾನವಾದಂತೆ ತೋರಲಿಲ್ಲ.

ಮರಳುವಾಗ ಹುಮನಾಬಾದಿನ ದಾರಿಯಿಂದ ಬಂದು ಕಮಲಾಪುರದಲ್ಲಿ ಇಳಿದೆವು. ಕೆಂಪು ಬಾಳೆಹಣ್ಣು ಕೊಂಡು ತಮ್ಮನ ಮನೆಗೆ ಹೋದಾಗ ಪಾನದಾನದ ಕಥೆ ಹೊರಟಿತು. ತಮ್ಮನ ಹೆಂಡತಿ ಒಳಗೆ ಹೋಗಿ, ಗುಂಡಿ, ಸೂಜಿ ತುಂಬಿದ್ದ ಪುಟ್ಟ ಡಬ್ಬಿಯೊಂದನ್ನು ತಂದಿಟ್ಟಳು. ಅವ್ವನ ಸುಣ್ಣದ ಡಬ್ಬಿ! ಅಂದಿನ ತೂಕದಲ್ಲಿ ಹೇಗೋ ತಪ್ಪಿ ಉಳಿದಿತ್ತು. ಎಣ್ಣೆ ಹಚ್ಚಿ ಒರೆಸಲು ಮುಚ್ಚಳದ ಮೇಲೆ ಕೂದಲೆಳೆಯಷ್ಟು ಸಣ್ಣ ಬೆಳ್ಳಿಬಳ್ಳಿಯೊಂದು ಮೆಲ್ಲನೆ ಕಾಣಿಸಿಕೊಂಡಿತು. ಮೊಮ್ಮಗಳು ಡಬ್ಬಿಯನ್ನು ಮಗುಚಿ, ಬೆಳಕಿಗೆ ಹಿಡಿದು, ಅದರ ತಳದಲ್ಲಿ ಬಹಳ ಹೊತ್ತು ಹೆಸರನ್ನು ಹುಡುಕುತ್ತಿದ್ದಳು.