ಖಾಲಿ ನಿವೇಶನಕ್ಕೆ ಕುರಿಹಿಂಡು: ಹೊಲದಲ್ಲಿ ಕೂಲಿ, ಬಡಾವಣೆಯಲ್ಲಿ ಬೈಗುಳ

ಮಳೆಗಾಲ ಮುಗಿಯುವ ಹೊತ್ತಿಗೆ ರಾಜ್ಯದ ಯಾವ ಪಟ್ಟಣದ ಹೊಸ ಬಡಾವಣೆಗೆ ಹೋದರೂ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಮನೆಗಳ ನಡುವೆ ಹುಲ್ಲು, ಮುಳ್ಳುಪೊದೆ ಬೆಳೆದು ನಿಂತ ಖಾಲಿ ನಿವೇಶನಗಳು. ಹಾವು, ಸೊಳ್ಳೆಗಳ ಕಾಟದ ಬಗ್ಗೆ ನಿವಾಸಿಗಳ ದೂರು. ಮಾಲೀಕರಿಗೆ ಸ್ಥಳೀಯ ಸಂಸ್ಥೆಯ ನೋಟಿಸು. ಕೊನೆಗೆ ಜೆಸಿಬಿ, ಕಳೆನಾಶಕ ಅಥವಾ ಬೆಂಕಿ. ನಾಲ್ಕನೆಯ ದಾರಿಯೊಂದು ಊರ ಹೊರಗೇ ಮೇಯುತ್ತಿದೆ ಎಂಬುದು ಮಾತ್ರ ಯಾರ ಗಮನಕ್ಕೂ ಬಂದಂತಿಲ್ಲ.

ಬೀದರ್ ಜಿಲ್ಲೆಯ ಬೇಮಳಖೇಡವನ್ನು ಗಮನಿಸಬಹುದು. ಹಿಂದೆ ಹುಮನಾಬಾದ್ ತಾಲ್ಲೂಕಿನಲ್ಲಿದ್ದು ಈಗ ಚಿಟಗುಪ್ಪ ತಾಲ್ಲೂಕಿಗೆ ಸೇರಿರುವ ಈ ಊರು, ಮಳೆಯಾಶ್ರಿತ ಬೇಸಾಯ ಹಾಗೂ ಕುರಿ ಸಾಕಣೆ ಒಂದನ್ನೊಂದು ನಂಬಿ ಬಂದಿರುವ ದಖ್ಖನ್ ಸೀಮೆಯಲ್ಲಿದೆ. ಕಟಾವಿನ ಬಳಿಕ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುವ ಪದ್ಧತಿ ಈ ಸೀಮೆಯಲ್ಲಿ ಬಹಳ ಹಳೆಯದು. ಹಗಲು ಹಿಂಡು ಕೂಳೆ, ಕಳೆಗಳನ್ನು ಮೇಯುತ್ತದೆ. ರಾತ್ರಿ ಹಿಕ್ಕೆ, ಗಂಜಲದಿಂದ ಮಣ್ಣಿಗೆ ಗೊಬ್ಬರ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ರೈತ ಕುರಿಗಾಹಿಗೆ ಕಾಳು ಅಥವಾ ಹಣ ಕೊಡುತ್ತಾನೆ. ಹಿಂಡಿನ ಸೇವೆಗೆ ಬೆಲೆ ಕಟ್ಟುವ ವ್ಯವಹಾರ ಇಲ್ಲಿಗೆ ಹೊಸದಲ್ಲ. ಆದರೆ ಹೊಲದಲ್ಲಿ ಕೂಲಿ ಪಡೆಯುವ ಅದೇ ಕುರಿಗಾಹಿ ಬಡಾವಣೆಗೆ ಕಾಲಿಟ್ಟರೆ ಬೈಗುಳ ಕೇಳಬೇಕಾಗುತ್ತದೆ.

ಹೊರದೇಶಗಳ ಅನುಭವ

ಪರದೇಶಗಳಲ್ಲಿ ಇದು ಬಾಡಿಗೆಯ ಉದ್ಯಮವಾಗಿಯೇ ಬೆಳೆದಿದೆ. 2009ರಲ್ಲಿ ಗೂಗಲ್ ಸಂಸ್ಥೆಯು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ತನ್ನ ಆವರಣದ ಹುಲ್ಲು, ಪೊದೆ ತೆಗೆಯಲು ಸುಮಾರು 200 ಮೇಕೆಗಳನ್ನು ಬಾಡಿಗೆಗೆ ಕರೆಸಿತ್ತು. ಒಣಹುಲ್ಲಿಗೆ ಬೆಂಕಿ ಬೀಳುವ ಅಪಾಯ ತಗ್ಗಿಸುವುದು ಉದ್ದೇಶವಾಗಿತ್ತು. 2013ರಲ್ಲಿ ಪ್ಯಾರಿಸ್ ನಗರಾಡಳಿತವೂ ತನ್ನ ದಾಖಲೆ ಭಂಡಾರದ ಹುಲ್ಲುಹಾಸಿಗೆ ಕುರಿಗಳನ್ನು ಬಿಟ್ಟಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಶ್ವೇತಭವನದ ಅಂಗಳದಲ್ಲೂ ಕುರಿಗಳು ಮೇಯುತ್ತಿದ್ದವು. ಅವುಗಳ ಉಣ್ಣೆಯನ್ನು ರೆಡ್‌ಕ್ರಾಸ್ ನೆರವಿಗಾಗಿ ಹರಾಜು ಹಾಕಲಾಗಿತ್ತು.

ಪ್ರಚಲಿತ ಮೂರು ವಿಧಾನಗಳಿಗೂ ತಕ್ಕ ಬೆಲೆ ತೆರಬೇಕಾಗುತ್ತದೆ. ಜೆಸಿಬಿ ಕಳೆಯ ಜತೆ ಮೇಲ್ಮಣ್ಣನ್ನೂ ಕೆರೆದು ಹಾಕುತ್ತದೆ. ಬೆಂಕಿಯ ಹೊಗೆ ನೆರೆಮನೆಗಳಿಗೆ ನುಗ್ಗುತ್ತದೆ. ಬಹುಬಳಕೆಯ ಕಳೆನಾಶಕ ಗ್ಲೈಫೋಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2015ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ವರ್ಗೀಕರಿಸಿತು. ಕೀಟ ನಿಯಂತ್ರಣ ನಿರ್ವಾಹಕರ ಹೊರತು ಇತರರು ಅದನ್ನು ಬಳಸಬಾರದೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು.

ಹಿಂಡಿನ ಶಕ್ತಿ, ಮಿತಿ

ಕುರಿ ಮತ್ತು ಮೇಕೆಯ ಕೆಲಸ ಒಂದೇ ಅಲ್ಲ. ಕುರಿ ನೆಲಕ್ಕಂಟಿದ ಹುಲ್ಲನ್ನು ಮೇಯುತ್ತದೆ. ಮೇಕೆ ಹಿಂಗಾಲ ಮೇಲೆ ನಿಂತು ಪೊದೆ, ಮುಳ್ಳುಗಿಡಗಳ ಎಲೆ, ಚಿಗುರನ್ನು ತಿನ್ನುತ್ತದೆ. ಉಣ್ಣೆಗೆ ಹೆಸರಾದ ದಖ್ಖನಿ ಕುರಿ ಹಾಗೂ ಪ್ರತ್ಯೇಕ ತಳಿಯೆಂದು ಮಾನ್ಯತೆ ಪಡೆದಿರುವ ಬೀದ್ರಿ ಮೇಕೆ ಎರಡೂ ಈ ಒಣಸೀಮೆಗೆ ಒಗ್ಗಿದವು. ಋತುಮಾನವೂ ಹೊಂದುತ್ತದೆ. ಖಾಲಿ ನಿವೇಶನಗಳಲ್ಲಿ ಕಳೆ ಸೊಕ್ಕುವ ಆಗಸ್ಟ್-ಅಕ್ಟೋಬರ್ ಅವಧಿಯಲ್ಲಿ ಹೊಲಗಳಲ್ಲಿ ತೊಗರಿ, ಸೋಯಾ ನಿಂತಿರುತ್ತವೆ. ಹಿಂಡಿಗೆ ಮೇಯಲು ಜಾಗದ ಕೊರತೆ ಕಾಡುವುದೂ ಆಗಲೇ.

ಹಾಗೆಂದು ಹಿಂಡು ಎಲ್ಲಕ್ಕೂ ಪರಿಹಾರವಲ್ಲ. ಖಾಲಿ ನಿವೇಶನಗಳಲ್ಲಿ ಹಬ್ಬುವ ಪಾರ್ಥೇನಿಯಂ ಮತ್ತು ಲಂಟಾನ ಎರಡೂ ಜಾನುವಾರುಗಳಿಗೆ ವಿಷಕಾರಿ. ಅವನ್ನು ಮೊದಲೇ ಕಿತ್ತು ತೆಗೆಯಬೇಕು. ಬಳ್ಳಾರಿ ಜಾಲಿಯ ಕಾಯಿ ತಿಂದ ಮೇಕೆ ಹಿಕ್ಕೆಯ ಮೂಲಕ ಅದರ ಬೀಜವನ್ನೇ ಹರಡುತ್ತದೆ. ಗಿಡಗಳ ಬೊಡ್ಡೆ, ಬೇರು ಹಾಗೆಯೇ ಉಳಿಯುವುದರಿಂದ ಮೇಯಿಸುವ ಕೆಲಸ ಮರುಕಳಿಸಬೇಕು. ಬಡಾವಣೆಯ ಸಾಲು ಮರಗಳ ತೊಗಟೆಯನ್ನೂ ಮೇಕೆ ಬಿಡದು. ಎಲ್ಲಕ್ಕಿಂತ ದೊಡ್ಡ ಅಪಾಯ ಪ್ಲಾಸ್ಟಿಕ್ಕಿನದು. ಕಸದ ಚೀಲ ಹೊಟ್ಟೆ ಸೇರಿದರೆ ಪ್ರಾಣಿ ಸಾಯುತ್ತದೆ, ನಷ್ಟ ಕುರಿಗಾಹಿಯ ಪಾಲಿಗೆ ಬೀಳುತ್ತದೆ. ಕಳೆನಾಶಕ ಸಿಂಪಡಿಸಿದ ಜಾಗಕ್ಕಂತೂ ಹಿಂಡು ಬಿಡುವಂತಿಲ್ಲ.

ಯಾರ ಹೊಣೆ?

2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ ಸುಮಾರು 1.1 ಕೋಟಿ ಕುರಿಗಳು, 61 ಲಕ್ಷಕ್ಕೂ ಹೆಚ್ಚು ಮೇಕೆಗಳಿದ್ದವು. ಇವುಗಳನ್ನು ಸಾಕುವವರಿಗೆ ಮೇವಿನ ನೆಲವೇ ಕುಗ್ಗುತ್ತಿದೆ. ಈ ಭಾಗದಲ್ಲಿ ಗಾಯರಾಣ ಎನ್ನಲಾಗುವ ಗೋಮಾಳ ಒತ್ತುವರಿಗೆ ಸಿಕ್ಕಿದೆ. ಪಟ್ಟಣದಂಚಿನ ಬೀಳು ಭೂಮಿ ನಿವೇಶನಗಳಾಗಿದೆ. ಬಡಾವಣೆಯು ಕುರಿಗಾಹಿಯ ಹುಲ್ಲುಗಾವಲನ್ನು ಕಸಿದು, ಬಳಿಕ ಅದೇ ಹುಲ್ಲನ್ನು ನಿರ್ಮೂಲನೆ ಮಾಡಲು ಯಂತ್ರಕ್ಕೆ ಹಣ ಸುರಿಯುತ್ತಿರುವುದು ವಿಪರ್ಯಾಸವೇ ಸರಿ.

ವಿಶ್ವಸಂಸ್ಥೆಯು 2026ನ್ನು ಹುಲ್ಲುಗಾವಲು ಹಾಗೂ ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಇಂಥ ಘೋಷಣೆಗೆ ಅರ್ಥ ಬರಬೇಕಾದರೆ ಸ್ಥಳೀಯ ಸಂಸ್ಥೆಗಳು ಸಣ್ಣ ಪ್ರಯೋಗಗಳಿಗೆ ಮುಂದಾಗಬೇಕು. ನಿವೇಶನದಾರರಿಂದ ಶುಲ್ಕ ಪಡೆದು ಕುರಿಗಾಹಿಗಳಿಗೆ ಪಾವತಿಸುವುದು, ಮೇಯಿಸುವ ಮುನ್ನ ಪೌರಕಾರ್ಮಿಕರಿಂದ ಪ್ಲಾಸ್ಟಿಕ್, ಗಾಜು ತೆಗೆಸುವುದು, ಪಶುವೈದ್ಯಕೀಯ ಇಲಾಖೆಯಿಂದ ಹಿಂಡಿಗೆ ಲಸಿಕೆ ಹಾಕಿಸುವುದು, ಬೀದಿನಾಯಿ ದಾಳಿಯಿಂದಾದ ಸಾವಿಗೆ ಪರಿಹಾರ ನಿಗದಿಪಡಿಸುವುದು ಅಸಾಧ್ಯವೇನಲ್ಲ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರ್‌ನಲ್ಲೇ ಇರುವುದರಿಂದ ತಾಂತ್ರಿಕ ಮಾರ್ಗದರ್ಶನಕ್ಕೂ ದೂರ ಹೋಗಬೇಕಿಲ್ಲ.

ಆದರೆ ಒಂದು ಎಚ್ಚರ ಅಗತ್ಯ. ಮೇವು ಸಿಕ್ಕಿದ್ದೇ ಲಾಭವೆಂದು ಹೇಳಿ ಪುಕ್ಕಟೆ ಕೆಲಸ ಮಾಡಿಸಿಕೊಂಡರೆ ಈ ಯೋಜನೆ ಪರಿಸರಸ್ನೇಹಿ ಎನಿಸಬಹುದು, ನ್ಯಾಯವೆನಿಸದು. ಬೇಮಳಖೇಡದಂಥ ಊರುಗಳ ಸೀಮೆಯಲ್ಲಿ ರೈತರು ಎಂದೋ ಒಪ್ಪಿಕೊಂಡಿರುವ ಲೆಕ್ಕವನ್ನು ಪಟ್ಟಣಗಳು ಈಗಲಾದರೂ ಒಪ್ಪಿಕೊಳ್ಳಬೇಕಿದೆ.