ಹುಡುಗಿ ಸೈಕಲ್ಲು ಮೋಡ್ಕಾಕ ಹಾಕಬ್ಯಾಡ್ರಿ

ಮೊನ್ನೆ ಶಿವರಾತ್ರಿ ಮುಂದ ನಮ್ಮ ಮೈದುನನ ಮನಿ ಅಂಗಳದಾಗ ಮೋಡ್ಕಾದವ ತಕ್ಕಡಿ ಹಿಡಕೊಂಡು ನಿಂತಿದ್ದ. ಒಡದ ಕೊಡ, ಹಳೇ ಪಂಪಿನ ಪೈಪು, ಅದರ ಮ್ಯಾಲೆ ಹುಡುಗಿ ಸೈಕಲ್ಲು. ಟೈರ್ ಇಳದಿದ್ವು, ಚೈನಿಗೆ ತುಕ್ಕು ಹತ್ತಿತ್ತು, ಅಷ್ಟ. ಸೈಕಲ್ಲಂತೂ ಗಟ್ಟಿ ಇತ್ತು.

"ಯಾಕಪಾ, ಇದನ್ಯಾಕ ಮಾರಾಕತ್ತೀ?" ಅಂದೆ.

"ವೈನಿ, ಅಕಿ ಈಗ ಪಿಯುಸಿ. ದೊಡ್ಡ ಹುಡುಗಿ ಸೈಕಲ್ ಹೊಡಕೊಂಡು ಹೋದ್ರ ಚಂದ ಕಾಣಂಗಿಲ್ಲ. ಬಸ್ಸಂತೂ ಪುಕ್ಕಟೆ ಐತೆಲ್ರಿ" ಅಂದ.

ಹುಡುಗಿ ಬಾಗಿಲ ಹಿಂದ ನಿಂತಿದ್ಲು, ಒಂದು ಮಾತೂ ಆಡಲಿಲ್ಲ. ನಾ ಮೋಡ್ಕಾದವಗ ಚಾ ಕುಡಿಸಿ, ಬರೀ ಕೊಡ ಮತ್ತ ಪೈಪು ಕೊಟ್ಟು ಕಳಿಸಿದೆ. ಮಾತು ಅಲ್ಲಿಗೆ ಮುಗೀತು, ಆದ್ರ ನನ್ನ ತಲಿಯೊಳಗ ಮುಗೀಲಿಲ್ಲ. ಅದಕ್ಕ ಇದನ್ನ ಬರಿಯಾಕತ್ತೀನಿ.

ಅದಕ್ಕೂ ಮೊದಲಿನ ಮಾತು ಒಂದೈತಿ. ಬನದ ಹುಣ್ಣಿಮಿಗೆ ನಾವು ಮನಿ ಮಂದಿಯೆಲ್ಲಾ ಗಾಡಿ ಮಾಡಿಕೊಂಡು ಎಲ್ಲಮ್ಮನ ಗುಡ್ಡಕ್ಕ ಹೊಂಟಿದ್ವಿ. ಮುನವಳ್ಳಿ ದಾಟಿ ನವಿಲುತೀರ್ಥದ ಹಂತ್ಯಾಕ ನೀರು ಕುಡಿಯಾಕ ಗಾಡಿ ನಿಲ್ಲಿಸಿದಾಗ, ತಲಿಗೆ ಹೆಲ್ಮೆಟ್ ಹಾಕ್ಕೊಂಡ ನಾಕು ಮಂದಿ ಸೈಕಲ್ ಮ್ಯಾಲೆ ಬಂದ್ರು. ಅವರಾಗ ಒಬ್ಬಾಕಿ ನನ್ನ ವಾರಗಿಯಾಕಿನ. ಬೆಳಗಾವಿಯಿಂದ ಬೈಲಹೊಂಗಲ ಮ್ಯಾಲೆ ಬಂದಾರಂತ. ಹೊಲದಾಗಿನ ಹಳದಿ ಹೂ ತೋರಿಸಿ ಅದೇನು ಅಂತ ಕೇಳಿದ್ಲು, ಕುಸುಬಿ ಅಂದೆ. "ಅಕ್ಕಾರ, ಇಂಥಾ ದಾರಿ ನಿಮ್ಮ ಮನಿ ಬಾಗಲಾಗ ಐತಿ, ಪುಣ್ಯವಂತ್ರು ನೀವು" ಅಂತ ಹೇಳಿ ಹೋದ್ಲು.

ನನಗ ನಗು ಬಂತು, ಆಮ್ಯಾಲೆ ನಾಚಿಕಿನೂ ಬಂತು. ಮೂವತ್ತು ವರ್ಷದಾಗ ಆ ದಾರಿ ಮ್ಯಾಲೆ ಎಷ್ಟ ಸಲ ಹೋಗಿದ್ದೇನೋ. ಆದ್ರ ಹೋಗೂದು ಹೆಂಗ? ಟೆಂಪೊದಾಗ ಹದಿನೈದು ಮಂದಿ ನಡುವ, ತೊಡಿ ಮ್ಯಾಲೆ ಬುತ್ತಿ ಗಂಟು, ಮಾರಿ ಮ್ಯಾಲೆ ಸೆರಗು, ವಾಂತಿ ಬರತೈತೇನೋ ಅಂತ ಕಣ್ಣು ಮುಚ್ಚಿಕೊಂಡು. ಮಲಪ್ರಭಾ ಹೊಳಿ ಗುಡ್ಡಾ ಸೀಳಿಕೊಂಡು ಹೋಗೂ ಜಾಗ ಅದು. ಅದನ್ನ ನಾ ನೆಟ್ಟಗ ನೋಡೇ ಇರಲಿಲ್ಲ.

ನಮ್ಮವ್ವ ಹಂಗಿರಲಿಲ್ಲ. ಅಕಿ ಕಾಲಕ್ಕ ಗುಡ್ಡಕ್ಕ ಚಕ್ಕಡಿ ಹೂಡತಿದ್ರು. ಎಲ್ಲಿ ಎತ್ತಿಗೆ ನೀರು ಕುಡಿಸಬೇಕು, ಯಾವ ಹುಣಸಿ ಮರದ ಬುಡಕ ಬುತ್ತಿ ಬಿಚ್ಚಬೇಕು, ಎಲ್ಲಿಂದ ಕರಿ ನೆಲಾ ಮುಗದು ಕಲ್ಲು ಸುರು ಆಗತಾವು, ಎಲ್ಲಾ ಬಾಯಿಪಾಠ. ದಾರಿ ಅಕಿಗೆ ಗುರುತಿತ್ತು. ನಮಗ ಬರೀ ಊರಿನ ಹೆಸರು ಗುರುತು. ಸೈಕಲ್ಲಿನ ಓಟ ಚಕ್ಕಡಿಗಿಂತ ತುಸು ಜೋರು, ಮೋಟರಿಗಿಂತ ಭಾಳ ಮೆಲ್ಲಗ. ನೋಡಾಕ ಅದ ಸರಿಯಾದ ವೇಗ ಅಂತ ನನ್ನ ಅನಿಸಿಕಿ.

ಮತ್ತ ನಮ್ಮ ಸೀಮಿಯೊಳಗ ಏನು ಕಮ್ಮಿ ಐತಿ ಹೇಳ್ರಿ? ಕಿತ್ತೂರ ಕಡೆ ಹೋದ್ರ ಕೆಂಪು ಮಣ್ಣು, ಭತ್ತದ ಗದ್ದಿ, ಖಾನಾಪುರದ ಕಾಡಿನ ಸೆರಗು. ಅಲ್ಲೇ ದೇಗಾಂವದಾಗ ಕಮಲನಾರಾಯಣ ಗುಡಿ. ಗೋವಾ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ್ದು, 12ನೇ ಶತಮಾನದ್ದು. ಈ ಕಡೆ ಬಂದ್ರ ಹೊಳಿ ದಂಡಿ ಮ್ಯಾಲೆ ಸಂಗೊಳ್ಳಿ. ಬೈಲಹೊಂಗಲ ಸುತ್ತ ಎರೀ ಹೊಲ, ಹತ್ತಿ, ಜ್ವಾಳ. ಸೊಗಲದಾಗ ಮಳಿಗಾಲಕ್ಕ ನೀರು ಧುಮುಕತೈತಿ, ಸೋಮೇಶ್ವರನ ಗುಡಿ ಐತಿ. ಸವದತ್ತಿ ಕಡೆ ಡ್ಯಾಮಿನ ಹಿನ್ನೀರು. ಮುಂದ ಶಿರಸಂಗಿ ಕಾಳಮ್ಮ, ತೊರಗಲ್ಲ ಕೋಟೆ, ಸುರೇಬಾನ ಹತ್ತಿರ ಶಬರಿಕೊಳ್ಳ. ರಾಮದುರ್ಗ ಮುಟ್ಟೂದರಾಗ ಗುಡ್ಡದ ಕಲ್ಲು ಬಾದಾಮಿ ಕಲ್ಲಿನಂಗ ಕೆಂಪಗ. ಕಣಕುಂಬಿಯೊಳಗ ಹುಟ್ಟಿದ ಮಲಪ್ರಭಾ ಕೂಡಲಸಂಗಮಕ್ಕ ಹೋಗೂ ದಾರಿಯೊಳಗ ನಮ್ಮ ನಾಕು ತಾಲೂಕು ಅದಾವು. ಒಂದ ಹೊಳಿ, ಆದ್ರ ಊರು ದಾಟಿದಂಗ ಮಣ್ಣಿನ ಬಣ್ಣ ಬ್ಯಾರೆ, ರೊಟ್ಟಿ ರುಚಿ ಬ್ಯಾರೆ.

ಇದೇ ರಾಮದುರ್ಗ ತಾಲೂಕಿನ ಚಂದರಗಿ ಕ್ರೀಡಾ ಶಾಲಿ ಹುಡುಗೂರು ಸೈಕಲ್ ಸ್ಪರ್ಧಾದಾಗ ಹೆಸರು ಮಾಡ್ಯಾರ. ಪಕ್ಕದ ಬಾಗಲಕೋಟಿ, ವಿಜಯಪುರದ ಹೆಣ್ಣುಹುಡುಗೂರು ಸೈಕಲ್ ಹೊಡದು ರಾಷ್ಟ್ರಮಟ್ಟದಾಗ ಪದಕ ತಂದಾರ. ಅಂದಮ್ಯಾಲೆ ಸೈಕಲ್ಲು ನಮ್ಮ ಕಡೆ ಹೊಸಾದಲ್ಲ, ಹೆಣ್ಣುಮಕ್ಕಳಿಗೂ ಹೊಸಾದಲ್ಲ.

ಈಗ ನನ್ನ ತಪ್ಪೂ ಹೇಳಿಬಿಡತೀನಿ. ಸರಕಾರದವರು 2006-07ರಾಗ ಎಂಟನೆತ್ತೆ ಮಕ್ಕಳಿಗೆ ಸೈಕಲ್ ಕೊಡೂ ಯೋಜನಾ ಸುರು ಮಾಡಿದ್ರು. ಮುಂದ ನಮ್ಮ ಮಗಳಿಗೂ ಒಂದು ಬಂತು. ಎರಡು ವರ್ಷ ಹಾರಾಡಿದಂಗ ಓಡಾಡಿದ್ಲು. ಹತ್ತನೆತ್ತೆ ಮುಗೀತಿದ್ದಂಗ ಮನ್ಯಾಗ ಇದ ಮಾತು: ದೊಡ್ಡಾಕಿ ಆಗ್ಯಾಳ, ಮಂದಿ ಏನಂದಾರು? ನಾ ಸುಮ್ಮನಿದ್ದೆ. ಸೈಕಲ್ಲು ಕೊಟ್ಟಿಗ್ಯಾಗ ನಿಂತು ಕ್ವಾಣಿನ ಗೂಟ ಆತು, ಕಡೀಕ ಮೋಡ್ಕಾಕ ಹೋತು. ನನಗೂ ಹಿಂಗ ಆಗಿತ್ತು. ಅಪ್ಪನ ಸೈಕಲ್ಲಿನ ಬಾರಿನ ಕೆಳಗ ಕಾಲು ತೂರಿಸಿ ಕಲ್ತಾಕಿ ನಾನು. ಪಿಯುಸಿ ಮುಗದು ಲಗ್ನಾ ಆದಮ್ಯಾಲೆ ಹ್ಯಾಂಡಲ್ ಮುಟ್ಟಲಿಲ್ಲ. ನನ್ನದು ಹೋತು, ಮಗಳದು ಹೋತು. ಮೂರನೇದ್ದೂ ತಕ್ಕಡಿಗೆ ಏರಿದಾಗ ಹೊಟ್ಟಿ ಚುರ್ ಅಂತು.

ನಾವು ಊರೂರ ಸರ್ಕಲ್ಲಿನ್ಯಾಗ ರಾಣಿ ಚೆನ್ನಮ್ಮನ್ನ ಕುದರಿ ಮ್ಯಾಲೆ ಕುಂದರಿಸೀವಿ. ಅಕಿ ಸಮಾಧಿ ನಮ್ಮ ಬೈಲಹೊಂಗಲದಾಗ ಐತಿ. 1824ರ ಕಿತ್ತೂರ ಗೆಲುವಿಗೆ 2024ಕ್ಕ ಇನ್ನೂರು ವರ್ಷ ತುಂಬಿದ್ದಕ್ಕ ದೊಡ್ಡ ಉತ್ಸವ ಮಾಡಿದ್ವಿ. ಬೆಳವಡಿ ಮಲ್ಲಮ್ಮನೂ ನಮ್ಮ ತಾಲೂಕಿನಾಕಿನ, ಹೆಣ್ಣುಮಕ್ಕಳ ದಂಡು ಕಟ್ಟಿದಾಕಿ. ಕುದರಿ ಏರಿದಾಕಿಗೆ ಹಾರಾ, ಸೈಕಲ್ ಏರಿದಾಕಿಗೆ ಬೈಗುಳ. ಇದು ಯಾವ ನ್ಯಾಯ ಅಂತ ನಮ್ಮ ಮೈದುನಗ ಕೇಳೀನಿ. ಅವ ನಕ್ಕ, ಉತ್ತರ ಕೊಡಲಿಲ್ಲ.

ಬಸ್ ಪುಕ್ಕಟೆ ಅನ್ನೂ ಮಾತಿಗೆ ನಾ ಬ್ಯಾಡ ಅನ್ನಂಗಿಲ್ಲ. 2023ರ ಜೂನ್ 11ರಿಂದ ನಾವೆಲ್ಲಾ ಆಧಾರ್ ಕಾರ್ಡ್ ತೋರಿಸಿ ತವರಿಗೆ ಹೋಗಿ ಬಂದೀವಿ, ಯಾರ ಹಂತ್ಯಾಕೂ ಕೈ ಒಡ್ಡಿಲ್ಲ. ಅದು ದೊಡ್ಡ ಉಪಕಾರ. ಆದ್ರ ಬಸ್ಸು ಬಂದಾಗ ನಾವು ಹೋಗಬೇಕು, ಅದು ನಿಂತಲ್ಲೇ ಇಳೀಬೇಕು. ಸೈಕಲ್ಲು ನಾವು ಅಂದಾಗ ಹೊಂಡತೈತಿ, ನಾವು ಅಂದಲ್ಲೇ ನಿಲ್ಲತೈತಿ. ಹದಿನಾರು ವರ್ಷದ ಹುಡುಗಿಗೆ ಆ ಒಂದು ರೂಢಿ ಬೇಕು ಅಂತೀನಿ ನಾ.

ಇನ್ನ ಅಂಜಿಕಿ. ಅದು ಸುಳ್ಳಲ್ಲ. ದಾರಿ ಮ್ಯಾಲೆ ಹುಡುಗಿ ಒಬ್ಬಾಕಿನ ಅಂದ್ರ ಯಾವ ತಾಯಿ ಎದಿಯೂ ಡವಡವ ಅಂತೈತಿ. ಅದಕ್ಕ ಮೂರು ನಾಕು ಮಂದಿ ಕೂಡಿ ಹೋಗಲಿ, ಹೊತ್ತು ಏರೂದರಾಗ ತಿರುಗಿ ಬರಲಿ. ದೊಡ್ಡ ಹೈವೇ ಬ್ಯಾಡ, ಹಳ್ಳಿ ರಸ್ತೆ ಹಿಡೀಲಿ. ಕಬ್ಬಿನ ಸೀಜನ್ನಿನಾಗ ಇನ್ನೂ ಹುಷಾರಿ ಬೇಕು. ಎರಡೆರಡು ಟ್ರೇಲರ್ ಎಳಕೊಂಡು ಬರೂ ಟ್ರ್ಯಾಕ್ಟರ್ ತಿರುವಿನ್ಯಾಗ ಅರ್ಧ ರಸ್ತೆ ತಿಂತಾವು. ಎಷ್ಟೋಕ್ಕ ಹಿಂದ ಕೆಂಪು ರೇಡಿಯಂ ಪಟ್ಟಿನೂ ಇರಂಗಿಲ್ಲ. ಮಳಿಗಾಲದಾಗ ಪಡುವಣ ಗಾಳಿ ಜೋರು. ಬೈಲಹೊಂಗಲದಿಂದ ಸವದತ್ತಿ ಕಡೆ ಹೋಗುವಾಗ ಗಾಳಿನ ದೂಕತೈತಿ, ಬರುವಾಗ ಎದಿಗೆ ಬಡದು ಸುಸ್ತು ಮಾಡತೈತಿ. ಹೊಳಿ ಸೇತುವಿ ಮ್ಯಾಲೆ ನೀರಿದ್ರ ದಾಟೂ ಮಾತ ಬ್ಯಾಡ. 2019ರ ಆಗಸ್ಟಿನಾಗ ಮುನವಳ್ಳಿ, ರಾಮದುರ್ಗದಾಗ ಹೊಳಿ ಏನು ಮಾಡಿತು ಅಂತ ನಾವು ಕಣ್ಣಾರೆ ಕಂಡೀವಿ.

ಊರಿನ ಹಿರ್ಯಾರಿಗೂ ಒಂದು ಮಾತು. ಪ್ರವಾಸಕ್ಕಂತ ರೊಕ್ಕಾ ಬಂದ್ರ ಬರೀ ಕಮಾನು, ಲೈಟು ಅನ್ನಬ್ಯಾಡ್ರಿ. ರಸ್ತೆ ಎರಡೂ ಕಡೆ ಒಂದೊಂದು ಗಜ ದಂಡಿ ಸಮ ಮಾಡಿಸ್ರಿ, ಜಾಲಿಕಂಟಿ ಕಡಸ್ರಿ. ಆ ಮುಳ್ಳಿಗೇ ಟೈರ್ ಪಂಚರ್ ಆಗೂದು. ಆ ದಂಡಿ ಮ್ಯಾಲೆ ಸಾಲಿ ಮಕ್ಕಳೂ ಹೋಗತಾರ, ಗುಡ್ಡಕ್ಕ ನಡಕೊಂಡು ಹೋಗವ್ರೂ ಹೋಗತಾರ.

ಸೈಕಲ್ಲಿನ ಕತಿ ಏನಾತು ಅಂತೀರಿ? ಟ್ಯೂಬು, ಚೈನು, ಬ್ರೇಕಿನ ರಬ್ಬರು ಎಲ್ಲಾ ಹೊಸಾದು ಹಾಕಿಸಿದೆ, ನನ್ನ ಹೈನಿನ ರೊಕ್ಕದಾಗ. ಒಂದಿನ ನಸಕಿನ್ಯಾಗ ಸಾಲಿ ಬಯಲಿನ್ಯಾಗ ನಾನೂ ಸೀರಿ ಕಚ್ಚಿ ಸಿಗಿಸಿ ಒಂದು ಸುತ್ತು ಹೊಡದೆ. ಮೊಣಕಾಲು ಎರಡು ದಿನ ನೋವಾದ್ವು, ಹೊಡಿಯೂದೇನು ಮರತಿರಲಿಲ್ಲ. ಮೈದುನ ಇನ್ನೂ ಪೂರಾ ಒಪ್ಪಿಲ್ಲ. "ಒಮ್ಮೆ ಹೋಗಿ ಬರಲಿ, ಆಮ್ಯಾಲೆ ನೋಡೂಣು" ಅಂದಾನ. ಪರೀಕ್ಷೆ ಮುಗದ ಮರು ಐತವಾರ ನಾಕು ಹುಡುಗ್ಯಾರು ಕೂಡಿ ಸೊಗಲಕ್ಕ ಹೊಂಡತಾರ. ಈಗ ಅಲ್ಲಿ ನೀರು ಇಲ್ಲದಿದ್ರೂ ನೆರಳೈತಿ. ನಾ ಜ್ವಾಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮೊಸರು ಕಟಗೊಂಡು ಪುಕ್ಕಟೆ ಬಸ್ಸಿಗೆ ಮೊದಲ ಹೋಗಿ ಅಲ್ಲೇ ಕಾಯ್ತೀನಿ.

ನಿಮ್ಮ ಕೊಟ್ಟಿಗ್ಯಾಗೂ ಇಂಥಾ ಸೈಕಲ್ಲೊಂದು ಇದ್ದೀತು, ನೋಡ್ರಿ. ಮೋಡ್ಕಾದವ ಬರೂಕಿಂತ ಮೊದಲ ಅದಕ್ಕ ಗಾಳಿ ಹೊಡಸ್ರಿ. ಹುಡುಗಿನ್ನ ನಮ್ಮ ಹುಡುಗ್ಯಾರ ಜೋಡಿ ಕಳಸ್ರಿ. ಒಂದು ನಾಕು ರೊಟ್ಟಿ ಹೆಚ್ಚಿಗಿ ಬಡೀತೀನಿ.