ಬಿಡಿಸುವ ಆಟ ಮತ್ತು ಮನೆಯ ಹಿರಿಯರು

ಕನ್ನಡಿಗರು ಗಂಟನ್ನು ಬಿಡಿಸುತ್ತಾರೆ, ಲೆಕ್ಕವನ್ನು ಬಿಡಿಸುತ್ತಾರೆ, ಒಗಟನ್ನೂ ಬಿಡಿಸುತ್ತಾರೆ. ಒಂದರೊಳಗೊಂದು ಸಿಕ್ಕಿಕೊಂಡ ತಂತಿ, ಬಳೆ, ದಾರಗಳನ್ನು ಮುರಿಯದೆ, ಕತ್ತರಿಸದೆ ಬೇರ್ಪಡಿಸುವ ಆಟಗಳಲ್ಲಿ ಈ ಮೂರು ಅರ್ಥಗಳೂ ಒಂದಾಗುತ್ತವೆ. ಹಿಂದಿಯಲ್ಲಿ ಇಂಥ ಆಟಿಕೆಗೆ 'ಗೋರಖಧಂಧಾ' ಎಂದು ಹೆಸರು. ಆ ಪದವು ಇಂದು ಮೋಸದ ವ್ಯವಹಾರವೆಂಬ ಅರ್ಥಕ್ಕೆ ಇಳಿದಿದ್ದರೂ ಆಟದಲ್ಲಿ ಮೋಸವೇನೂ ಇಲ್ಲ.

ಇವುಗಳಲ್ಲಿ ಸುಪ್ರಸಿದ್ಧವಾದುದು ಚೀನೀಯರ ಒಂಬತ್ತು ಬಳೆಗಳ ಒಗಟು. ಬಳೆಗಳ ಒಗಟನ್ನು ಇಟಲಿಯ ಗಣಿತಜ್ಞ ಕಾರ್ಡಾನೋ 1550ರಲ್ಲಿಯೇ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಕಂಬಿಯಿಂದ ಮೊದಲನೆಯ ಬಳೆಯನ್ನು ಯಾವಾಗ ಬೇಕಾದರೂ ತೆಗೆಯಬಹುದು. ಉಳಿದ ಯಾವುದೇ ಬಳೆಯನ್ನು ತೆಗೆಯಬೇಕಾದರೆ ಅದಕ್ಕೆ ಮುಂಚಿನ ಬಳೆ ಕಂಬಿಯ ಮೇಲಿರಬೇಕು. ಅದಕ್ಕೂ ಮುಂಚಿನವೆಲ್ಲ ಕೆಳಗಿಳಿದಿರಬೇಕು. ಆದುದರಿಂದ ತೆಗೆದುದನ್ನು ಪುನಃ ಪುನಃ ಏರಿಸಬೇಕಾಗುತ್ತದೆ. ಒಂಬತ್ತನ್ನೂ ಕಳಚಲು ಕನಿಷ್ಠ 341 ನಡೆಗಳು ಬೇಕು. ಬಲಪ್ರಯೋಗಕ್ಕೆ ಇಲ್ಲಿ ಬೆಲೆಯಿಲ್ಲ. ತಾಳ್ಮೆಗೆ ಮಾತ್ರ ಬೆಲೆ.

ಇಂಥ ಆಟಗಳಿಂದ ಮುಪ್ಪಿನ ಮರೆವಿನ ರೋಗ ಬಾರದೆಂದು ಹೇಳುವವರುಂಟು. ಅಷ್ಟು ದೊಡ್ಡ ಮಾತಿಗೆ ತಕ್ಕ ಆಧಾರವಿಲ್ಲ. ಆದರೆ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ಈ ರೋಗಕ್ಕೆ ಸಂಬಂಧಿಸಿದಂತೆ ಪಟ್ಟಿ ಮಾಡಿದ, ತಗ್ಗಿಸಬಹುದಾದ 14 ಅಪಾಯಗಳಲ್ಲಿ ರಕ್ತದೊತ್ತಡ, ಮಧುಮೇಹ, ಕಿವುಡುತನಗಳ ಜೊತೆಗೆ ಜನಸಂಪರ್ಕವಿಲ್ಲದ ಬಾಳೂ ಸೇರಿದೆ. ಬಿಡಿಸುವ ಆಟದ ನಿಜವಾದ ಪ್ರಯೋಜನವನ್ನು ಹುಡುಕಬೇಕಾದುದು ಇಲ್ಲಿ.

ಘಣಸೋಲಿಯಂತಹ ಉಪನಗರದ ಮನೆಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮಗ, ಸೊಸೆ ಬೆಳಿಗ್ಗೆಯೇ ಲೋಕಲ್ ಗಾಡಿ ಹಿಡಿಯುತ್ತಾರೆ. ಊರಿನ ಜಗಲಿ ಬಿಟ್ಟು ಬಂದ ಅಜ್ಜನಿಗೆ ಮರಾಠಿ ಬಾರದು, ಹಿಂದಿ ಅರ್ಧಂಬರ್ಧ. ಶಾಲೆಯಿಂದ ಬಂದ ಮೊಮ್ಮಗಳಿಗೆ ಕನ್ನಡ ಅಷ್ಟಕ್ಕಷ್ಟೆ. ಅವಳ ಕಣ್ಣು ಮೊಬೈಲಿನ ಮೇಲೆ. ಒಂದೇ ಕೋಣೆಯಲ್ಲಿದ್ದೂ ಇಬ್ಬರೂ ಒಂಟಿಗಳು.

ಇವರಿಗೆ ಬೇಕಾದುದು ಮೂರು ಮೂರು ಅಡಿಯ ಎರಡು ದಾರಗಳು, ಅಷ್ಟೆ. ಅಜ್ಜನ ಎರಡೂ ಮಣಿಕಟ್ಟುಗಳಿಗೆ ಒಂದು ದಾರದ ತುದಿಗಳನ್ನು ಸಡಿಲವಾದ ಕುಣಿಕೆಗಳಾಗಿ ಕಟ್ಟಬೇಕು. ಮೊಮ್ಮಗಳ ದಾರವನ್ನು ಅದರೊಳಗಿಂದ ಹಾಯಿಸಿ ಅವಳ ಮಣಿಕಟ್ಟುಗಳಿಗೂ ಹಾಗೆಯೇ ಕಟ್ಟಬೇಕು. ಗಂಟು ಬಿಚ್ಚದೆ ಇಬ್ಬರೂ ಬೇರಾಗಬೇಕು. ಸುತ್ತಿದರೆ, ಹಾರಿದರೆ ಆಗದು. ಒಂದು ದಾರದ ನಡುಭಾಗವನ್ನು ಮಡಿಸಿ, ಎದುರಿನವರ ಮಣಿಕಟ್ಟಿನ ಒಳಬದಿಯಲ್ಲಿ ಕುಣಿಕೆಯ ಅಡಿಯಿಂದ ಬೆರಳುಗಳ ಕಡೆಗೆ ತಿರುಚದೆ ನುಸುಳಿಸಿ, ಬೆರಳುಗಳನ್ನು ದಾಟಿಸಿ, ಹೊರಬದಿಯಲ್ಲಿ ಅದೇ ಕುಣಿಕೆಯ ಅಡಿಯಿಂದ ಹಿಂದಕ್ಕೆಳೆದರೆ ಬಿಡುಗಡೆ. ಅಷ್ಟರೊಳಗೆ 'ಸಡಿಲ ಬಿಡು', 'ನುಸುಳಿಸು', 'ಮೆಲ್ಲಗೆ ಎಳೆ' ಎಂಬ ಮಾತುಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಯಾವ ಪಾಠವೂ ಕಲಿಸದ ಕ್ರಿಯಾಪದಗಳನ್ನು ಮಗು ಕೈಯಿಂದಲೇ ಕಲಿಯುತ್ತದೆ. ಅಜ್ಜ ಆ ಹೊತ್ತಿಗೆ ಮನೆಯ ಗುರುವಾಗುತ್ತಾನೆ.

ಕನ್ನಡ ಸಂಘಗಳು ಕೇರಂ, ಚದುರಂಗದ ಸ್ಪರ್ಧೆಗಳನ್ನು ನಡೆಸುತ್ತವೆ. ಅವು ಒಬ್ಬರನ್ನು ಗೆಲ್ಲಿಸಿ ಇನ್ನೊಬ್ಬರನ್ನು ಸೋಲಿಸುವ ಆಟಗಳು. ವಾರ್ಷಿಕೋತ್ಸವದ ಸಭಾಂಗಣದಲ್ಲಿ ದಾರ, ತಂತಿ, ಬಳೆಗಳ ಒಂದು ಮೇಜನ್ನೂ ಇಟ್ಟು, ಒಬ್ಬ ಹಿರಿಯರು ಮತ್ತು ಒಂದು ಮಗು ಜೋಡಿಯಾಗಿಯೇ ಅದರ ಮುಂದೆ ಕೂರಬೇಕೆಂಬ ನಿಯಮವನ್ನು ಮಾಡುವುದು ಉಚಿತ. ಬೆರಳ ಕೀಲು ನೋಯುವವರು ನೋವು ಕಂಡೊಡನೆ ನಿಲ್ಲಿಸಬೇಕು; ಚಿಕ್ಕ ಬಳೆಗಳನ್ನು ಎಳೆಯ ಮಕ್ಕಳ ಬಾಯಿಂದ ದೂರವಿಡಬೇಕು. ಇಷ್ಟು ಎಚ್ಚರವಿದ್ದರೆ ಸಾಕು. ಖರ್ಚು ಅತ್ಯಲ್ಪ, ಮಾತಿಲ್ಲದ ಮನೆಗೆ ಮಾತು ಬರುವುದೇ ಅದರ ಲಾಭ.